ಲೇಪ ಹೋದ ಇಂಪ್ಲಾಂಟ್, ಕರಗಿದ ದವಡೆ ಮೂಳೆ: ಒಂದು ಪ್ರಕರಣ ಅಧ್ಯಯನ

ಮಳೆಗಾಲದ ಒಂದು ಮಧ್ಯಾಹ್ನ ಅಡಿಕೆ ಬೆಳೆಗಾರರೊಬ್ಬರು ಕ್ಲಿನಿಕ್ಕಿಗೆ ಬಂದರು. ಮಲೆನಾಡಿನವರು, 50 ದಾಟಿದವರು. ಜೊತೆಗೆ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಆಗಿರುವ ಮಗ. ಬೇರೊಂದು ಕ್ಲಿನಿಕ್ಕಿನಲ್ಲಿ ಕೆಳದವಡೆಯ ಬಲಗಡೆ ಹಾಕಿಸಿದ್ದ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಯೊಳಗೆ ಕೂರಿಸುವ ಲೋಹದ ಸ್ಕ್ರೂ) ನೋಯುತ್ತಿತ್ತು. ಒತ್ತಿದರೆ ವಸಡಿನಿಂದ ಕೀವು ಬರುತ್ತಿತ್ತು. ಹಾಕಿಸಿ 4 ವರ್ಷವೂ ಆಗಿರಲಿಲ್ಲ.

"ಡಾಕ್ಟ್ರೇ, ಈ ಸಲ ಒಳ್ಳೆ ಕೋಟಿಂಗ್ ಇರೋದನ್ನೇ ಹಾಕಿ. ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ" ಅಂದರು ಯಜಮಾನರು.

ಮಗನ ಪ್ರಶ್ನೆ ಇನ್ನೂ ನೇರವಾಗಿತ್ತು. "ಕೋಟಿಂಗ್ ಅಂದ್ರೆ ಲೋಹಕ್ಕೂ ಮೂಳೆಗೂ ನಡುವೆ ವಾಷರ್ ಇಟ್ಟ ಹಾಗೆ ಅಲ್ವಾ? ಸರಿಯಾದ ವಾಷರ್ ಇದ್ದಿದ್ರೆ ಮೂಳೆ ಮೇಲಿನ ಒತ್ತಡ ಕಡಿಮೆ ಆಗ್ತಿತ್ತು. ಹೀಗಾಗ್ತಿರ್ಲಿಲ್ಲ."

ಆ ಪ್ರಶ್ನೆಗೆ ನನ್ನಲ್ಲಿ ಆಗ ಪೂರ್ತಿ ಉತ್ತರ ಇರಲಿಲ್ಲ. ಮುಂದಿನ ಎರಡೂವರೆ ವರ್ಷ ಆ ಉತ್ತರ ಹುಡುಕುವುದರಲ್ಲೇ ಈ ಚಿಕಿತ್ಸೆ ನಡೆಯಿತು. ಹಲ್ಲಿನ ವೈದ್ಯರಿಗೂ, ಇಂಪ್ಲಾಂಟ್ ಹಾಕಿಸಿಕೊಳ್ಳುವ ಯೋಚನೆಯಲ್ಲಿ ಇರುವವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬಂದಾಗ ಕಂಡದ್ದು

ಯಜಮಾನರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಬೀಡಿ, ಸಿಗರೇಟು ಇಲ್ಲ. ಎಲೆ ಅಡಿಕೆ ಮಾತ್ರ ದಿನಕ್ಕೆ ಹತ್ತು ಸಲ. ಹಲ್ಲುಗಳ ಮೇಲ್ಮೈ ಸವೆದು ಚಪ್ಪಟೆಯಾಗಿತ್ತು. ಕೆನ್ನೆಯ ಸ್ನಾಯು ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ರಾತ್ರಿ ಹಲ್ಲು ಕಡಿಯುವ ಸದ್ದಿಗೆ ಪಕ್ಕದ ಕೋಣೆಯವರಿಗೂ ಎಚ್ಚರ ಆಗುತ್ತದೆ ಅಂತ ಮಗ ಹೇಳಿದ. ಬಾಯಿ ಪೂರ್ತಿ ತೆರೆಯುತ್ತಿತ್ತು, ಕೆನ್ನೆಯ ಒಳಪದರ ಮೆದುವಾಗಿಯೇ ಇತ್ತು. ಅಡಿಕೆ ತಿನ್ನುವವರಲ್ಲಿ ನಾನು ಮೊದಲು ನೋಡುವುದು ಇದನ್ನೇ. ಅಡಿಕೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಅದನ್ನು ಅಡಿಕೆ ಬೆಳೆಯುವವರಿಗೆ ಹೇಳುವುದು ಕಷ್ಟ. ಆದರೂ ಹೇಳಿದೆ.

ಬಲಗಡೆ ಕೆಳಗಿನ ಮೊದಲ ಮತ್ತು ಎರಡನೇ ದವಡೆ ಹಲ್ಲು ಎರಡೂ ಹೋಗಿದ್ದವು. ಹಿಂದಿನವರು ಮೊದಲ ಹಲ್ಲಿನ ಜಾಗದಲ್ಲಿ 10 ಮಿಲಿಮೀಟರ್ ಉದ್ದದ ಒಂದೇ ಇಂಪ್ಲಾಂಟ್ ಇಟ್ಟಿದ್ದರು. ರೋಗಿಗೆ ಕೊಟ್ಟಿದ್ದ ಕಾರ್ಡಿನ ಪ್ರಕಾರ ಅದಕ್ಕೆ ಹೈಡ್ರಾಕ್ಸಿಅಪಟೈಟ್ ಲೇಪ ಇತ್ತು. ನಮ್ಮ ಮೂಳೆಯಲ್ಲೂ ಹಲ್ಲಿನಲ್ಲೂ ಇರುವ ಖನಿಜದ ಜಾತಿಯದೇ ವಸ್ತು ಅದು. ಪುಡಿಯನ್ನು ವಿಪರೀತ ಬಿಸಿಯ ಪ್ಲಾಸ್ಮಾ ಜ್ವಾಲೆಯಲ್ಲಿ ಹಾಯಿಸಿ ಟೈಟಾನಿಯಂ ಮೇಲೆ ಎರಚುತ್ತಾರೆ. ಸುಮಾರು 50 ಮೈಕ್ರಾನ್ ದಪ್ಪದ ಪದರ ಕೂರುತ್ತದೆ. ತಲೆಕೂದಲಿಗಿಂತ ತೆಳು.

ಎಕ್ಸ್‌ರೇಯಲ್ಲಿ ಇಂಪ್ಲಾಂಟಿನ ಕುತ್ತಿಗೆಯ, ಅಂದರೆ ವಸಡಿನ ಕಡೆಯ ಮೇಲ್ತುದಿಯ, ಸುತ್ತ ಮೂಳೆ ತಟ್ಟೆಯಂತೆ ತಗ್ಗಾಗಿತ್ತು. 10 ಮಿಲಿಮೀಟರಿನಲ್ಲಿ 6 ಮಿಲಿಮೀಟರ್ ಬಯಲಾಗಿತ್ತು. ಆರೋಗ್ಯವಾಗಿರುವ ಇಂಪ್ಲಾಂಟಿನ ಸುತ್ತಲೂ ಮೊದಲ ವರ್ಷ ಒಂದು, ಒಂದೂವರೆ ಮಿಲಿಮೀಟರ್ ಮೂಳೆ ಇಳಿಯುವುದುಂಟು. ಆಮೇಲೆ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಿಮೆ ಇರಬೇಕು ಎಂಬುದು 1986ರಿಂದ ಬಂದ ಅಳತೆ. ಆ ಲೆಕ್ಕದಲ್ಲಿ ಇದು ಉಳಿಯುವ ಸ್ಥಿತಿಯಲ್ಲಿ ಇರಲಿಲ್ಲ.

ಮಾತಿನ ಮಧ್ಯೆ ಯಜಮಾನರು ಇನ್ನೊಂದು ವಿಷಯ ಹೇಳಿದರು. ಮೊದಲ ಎರಡು ವರ್ಷದಲ್ಲಿ ಕ್ಯಾಪನ್ನು (ಇಂಪ್ಲಾಂಟಿನ ಮೇಲೆ ಕೂರಿಸುವ ಕೃತಕ ಹಲ್ಲು) ಹಿಡಿದಿಡುವ ಸ್ಕ್ರೂ ಮೂರು ಸಲ ಸಡಿಲ ಆಗಿತ್ತಂತೆ. ಮೂರು ಸಲವೂ ಹೋಗಿ ಬಿಗಿ ಮಾಡಿಸಿಕೊಂಡು ಬಂದಿದ್ದರು. ಅದನ್ನು ಕೇಸ್ ಪೇಪರಿನಲ್ಲಿ ಬರೆದುಕೊಂಡೆ. ಆದರೆ ಆ ದಿನ ಅದಕ್ಕೆ ಸಿಗಬೇಕಾದ ತೂಕ ನಾನು ಕೊಡಲಿಲ್ಲ.

ತೆಗೆದ ಇಂಪ್ಲಾಂಟ್

ಇಂಪ್ಲಾಂಟನ್ನು ಹಿಮ್ಮುಖವಾಗಿ ತಿರುಗಿಸಿ ತೆಗೆದೆವು. ಕೈಗೆ ಬಂದಾಗ ನಾನೂ ನನ್ನ ಸ್ನಾತಕೋತ್ತರ ವಿದ್ಯಾರ್ಥಿನಿಯೂ ಸ್ವಲ್ಪ ಹೊತ್ತು ಸುಮ್ನೆ ಅದನ್ನೇ ನೋಡುತ್ತಾ ನಿಂತೆವು. ಕೆಳಗಿನ ಮೂರನೇ ಒಂದು ಭಾಗಕ್ಕೆ ಮೂಳೆಯ ಚೂರುಗಳು ಕಚ್ಚಿಕೊಂಡೇ ಬಂದಿದ್ದವು. ಅಲ್ಲಿ ಲೇಪ ಗಟ್ಟಿಯಾಗಿತ್ತು. ಮೇಲಿನ ಮೂರ್ನಾಲ್ಕು ಮರೆಗಳಲ್ಲಿ, ಅಂದರೆ ಸ್ಕ್ರೂವಿನ ಸುತ್ತುಗಳಲ್ಲಿ, ಲೇಪ ಹೆಚ್ಚೂಕಡಿಮೆ ಇರಲೇ ಇಲ್ಲ. ಬರೀ ಲೋಹ, ಅದರ ಮೇಲೆ ಹಲ್ಲಿನ ಪಾಚಿ. ನಡುವೆ ಅಲ್ಲಲ್ಲಿ ಗಾರೆ ಕಿತ್ತ ಗೋಡೆಯ ಹಾಗೆ ತೇಪೆ ತೇಪೆ.

ಮಗನಿಗೆ ತೋರಿಸಿದಾಗ ಅವನು ತಕ್ಷಣ ಹೇಳಿದ: "ನೋಡಿ, ಕೋಟಿಂಗೇ ಕಿತ್ತು ಬಂದಿದೆ. ಅದಕ್ಕೇ ಮೂಳೆ ಹೋಗಿದೆ."

ಹಾಗೆ ಹೇಳಿಬಿಡುವುದು ಸುಲಭ. ನನಗೂ ಮೊದಲು ಹಾಗೇ ಅನಿಸಿತ್ತು. ಪ್ಲಾಸ್ಮಾ ವಿಧಾನದ ದಪ್ಪ ಲೇಪಗಳು 1980ರ ದಶಕದಲ್ಲಿ ತುಂಬ ಭರವಸೆ ಹುಟ್ಟಿಸಿದವು. ಮೂಳೆ ಅವಕ್ಕೆ ಬೇಗ ಅಂಟುತ್ತದೆ ಎಂಬುದು ನಿಜ. ಆದರೆ ಅವು ಕೆಲವೆಡೆ ಲೋಹದಿಂದ ಕಿತ್ತು ಬರುತ್ತವೆ, ಕರಗುತ್ತವೆ ಎಂಬ ದೂರುಗಳು ಬಂದು ಬಳಕೆ ಇಳಿಯಿತು. ಇದಕ್ಕೆ ಕಾರಣಗಳೂ ಗೊತ್ತಿವೆ. ಜ್ವಾಲೆಯ ಬಿಸಿಯಲ್ಲಿ ಖನಿಜದ ಒಂದು ಪಾಲು ತನ್ನ ಹರಳಿನ ರೂಪ ಕಳೆದುಕೊಳ್ಳುತ್ತದೆ. ಆ ಪಾಲು ಬೇಗ ಕರಗುತ್ತದೆ, ಹುಳಿ ವಾತಾವರಣದಲ್ಲಿ ಇನ್ನೂ ಬೇಗ. ಜೊತೆಗೆ ಬಿಸಿ ಆರುವಾಗ ಲೇಪ ಟೈಟಾನಿಯಂಗಿಂತ ಜಾಸ್ತಿ ಕುಗ್ಗಲು ನೋಡುತ್ತದೆ. ಕೆಳಗಿನ ಲೋಹ ಬಿಡುವುದಿಲ್ಲ. ಹೀಗಾಗಿ ಬಾಯಿಗೆ ಬರುವ ಮೊದಲೇ ಲೇಪದೊಳಗೆ ಒಂದು ಎಳೆತ ಉಳಿದಿರುತ್ತದೆ. ಪದರ ದಪ್ಪ ಆದಷ್ಟೂ ಬಿರುಕು ಬಿಡುವ ಸಾಧ್ಯತೆ ಹೆಚ್ಚು.

ಆದರೆ ನನ್ನ ವಿದ್ಯಾರ್ಥಿನಿ ಒಂದು ಮಾತು ಕೇಳಿದಳು. "ಸರ್, ಲೇಪವೇ ಕಾರಣ ಆಗಿದ್ರೆ ಕೆಳಗೂ ಕಿತ್ತು ಬರಬೇಕಿತ್ತಲ್ಲ? ಮೇಲೆ ಮಾತ್ರ ಯಾಕೆ?"

ಈ ಪ್ರಕರಣದಲ್ಲಿ ನನ್ನ ಯೋಚನೆ ತಿರುಗಿದ್ದು ಅಲ್ಲಿ. ಲೇಪ ಮೊದಲು ಹೋಗಿ ಮೂಳೆ ಆಮೇಲೆ ಹೋಯಿತೋ? ಅಥವಾ ಮೂಳೆ ಮೊದಲು ಇಳಿದು, ಬಾಯಿಗೆ ತೆರೆದುಕೊಂಡ ಲೇಪ ಪಾಚಿ ಹಿಡಿದು, ಹುಳಿಗೆ ಕರಗಿತೋ? ತೆಗೆದ ಇಂಪ್ಲಾಂಟ್ ಒಂದನ್ನೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಹಾಗಾಗಿ ಹಳೆಯ ಎಕ್ಸ್‌ರೇಗಳನ್ನು ತರಿಸಿದೆವು. ಕ್ಯಾಪ್ ಕೂರಿಸಿದ ದಿನದ ಚಿತ್ರ ನೋಡಿದಾಗ ಸ್ಕ್ರೂ ಮೂರು ಸಲ ಸಡಿಲವಾದ ಮಾತು ನೆನಪಾಯಿತು.

ಒಂದೇ ಇಂಪ್ಲಾಂಟಿನ ಮೇಲೆ ಒಂದೂವರೆ ಹಲ್ಲು ಅಗಲದ ಕ್ಯಾಪ್ ಇತ್ತು. ಹಿಂದಿನ ಅರ್ಧ ಹಲ್ಲು ಕೆಳಗೆ ಯಾವ ಆಧಾರವೂ ಇಲ್ಲದೆ, ಬಾಲ್ಕನಿಯ ಹಾಗೆ ಚಾಚಿಕೊಂಡಿತ್ತು.

ಗೂಟದ ಲೆಕ್ಕ

ಯಜಮಾನರಿಗೆ ಇದನ್ನು ವಿವರಿಸಲು ಬೇಲಿ ಗೂಟದ ಮಾತು ತೆಗೆದೆ. ಹುಗಿದ ಗೂಟ ಕೀಳಬೇಕಾದರೆ ಯಾರೂ ನೇರವಾಗಿ ಮೇಲಕ್ಕೆ ಎಳೆಯುವುದಿಲ್ಲ. ತಲೆ ಹಿಡಿದು ಆಚೆ ಈಚೆ ಅಲ್ಲಾಡಿಸುತ್ತಾರೆ. ಮೊದಲು ಸಡಿಲ ಆಗುವುದು ನೆಲದ ಮಟ್ಟದ ಮಣ್ಣು. ಗೂಟಕ್ಕೆ ಎಂಥ ಬಣ್ಣ ಬಳಿದಿದ್ದರೂ ಅಷ್ಟೇ. ಅವರು ನಕ್ಕು, "ಅದಕ್ಕೆ ಬಣ್ಣ ಯಾಕೆ, ಸುತ್ತ ಕಲ್ಲು ಜಡಿಬೇಕು" ಅಂದರು. ವಿಷಯ ಅವರಿಗೆ ಹಿಡಿದಿತ್ತು.

ಮಗನಿಗೆ ಅಂಕಿಗಳಲ್ಲಿ ಹೇಳಿದೆ. ಇಂಪ್ಲಾಂಟಿನ ನಡುಗೆರೆಯಿಂದ 8 ಮಿಲಿಮೀಟರ್ ಹಿಂದೆ 200 ನ್ಯೂಟನ್ ಬಲ ಬಿದ್ದರೆ, ಇಂಪ್ಲಾಂಟನ್ನು ಬಗ್ಗಿಸುವ ಪರಿಣಾಮ (ಬಲ ಗುಣಿಸು ದೂರ) 1600 ನ್ಯೂಟನ್ ಮಿಲಿಮೀಟರ್. ದವಡೆ ಹಲ್ಲಿನ ಜಾಗದಲ್ಲಿ ಜೋರಾಗಿ ಕಚ್ಚಿದರೆ ಬಲ ಆ 200 ನ್ಯೂಟನ್ನಿನ ಎರಡು ಮೂರು ಪಟ್ಟು ಹೋಗುವುದೂ ಉಂಟು. ಇದನ್ನು ತಡೆಯಬೇಕಾದದ್ದು ಮೂಳೆಯೊಳಗಿನ 10 ಮಿಲಿಮೀಟರ್ ಉದ್ದ ಮಾತ್ರ. ಮೇಲಿನ ತುದಿ ಒಂದು ಕಡೆ ತಳ್ಳುತ್ತದೆ, ಕೆಳತುದಿ ಇನ್ನೊಂದು ಕಡೆ. ದವಡೆಯ ಹೊರಪದರದ ಗಟ್ಟಿ ಮೂಳೆ ಒಳಗಿನ ಜಾಲರಿ ಮೂಳೆಗಿಂತ ಸುಮಾರು ಹತ್ತು ಪಟ್ಟು ಬಿಗಿ. ಹಾಗಾಗಿ ಹೊರೆಯ ದೊಡ್ಡ ಪಾಲು ಕುತ್ತಿಗೆಯ ಸುತ್ತ ಇರುವ ಆ ತೆಳು ಉಂಗುರದ ಮೇಲೇ ಬೀಳುತ್ತದೆ.

ಸಹಜ ಹಲ್ಲಿಗೆ ಈ ಕಷ್ಟ ಇಲ್ಲ. ಬೇರಿನ ಸುತ್ತ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ಹಲ್ಲು ಕಚ್ಚಿದಾಗ 25ರಿಂದ 100 ಮೈಕ್ರಾನ್ ಕೆಳಗೆ ಕೂರುತ್ತದೆ. ಇಂಪ್ಲಾಂಟ್ ಕೂರುವುದು 3ರಿಂದ 5 ಮೈಕ್ರಾನ್ ಅಷ್ಟೇ. ನಿಜವಾದ ವಾಷರ್ ಅಂದರೆ ಆ ನಾರಿನ ಪದರ. ಅದನ್ನು ಯಾವ ಲೇಪವೂ ಮರಳಿ ಕೊಡುವುದಿಲ್ಲ.

ಕಂಪ್ಯೂಟರಿನ ದವಡೆ

ಮೂಳೆ ತುಂಬಿಕೊಳ್ಳಲು 5 ತಿಂಗಳು ಕಾಯಬೇಕಿತ್ತು. ಆ ಸಮಯದಲ್ಲಿ ವಿದ್ಯಾರ್ಥಿನಿ ಪಕ್ಕದ ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಒಬ್ಬ ಮೇಷ್ಟ್ರ ಸಹಾಯದಿಂದ ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಮಾಡಿದಳು. ಅಂದರೆ ದವಡೆಯನ್ನೂ ಇಂಪ್ಲಾಂಟನ್ನೂ ಕಂಪ್ಯೂಟರಿನಲ್ಲಿ ಸಾವಿರಾರು ಚಿಕ್ಕ ತುಂಡುಗಳಾಗಿ ಕಟ್ಟಿ, ಬಲ ಹಾಕಿದಾಗ ಒಂದೊಂದು ತುಂಡಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂದು ಲೆಕ್ಕ ಹಾಕುವುದು. ಸೇತುವೆ, ವಿಮಾನದ ರೆಕ್ಕೆ ಪರೀಕ್ಷಿಸುವ ಅದೇ ವಿಧಾನ.

ಟೈಟಾನಿಯಂಗೆ 110 ಗಿಗಾಪ್ಯಾಸ್ಕಲ್ ಬಿಗಿತ, ಗಟ್ಟಿ ಮೂಳೆಗೆ 13.7, ಜಾಲರಿ ಮೂಳೆಗೆ 1.37 ಎಂದು ಇಟ್ಟುಕೊಂಡೆವು. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂಕಿಗಳು ಇವು. ಲೇಪಕ್ಕೆ ಬೇರೆ ಬೇರೆ ಪ್ರಬಂಧಗಳಲ್ಲಿ ಬೇರೆ ಬೇರೆ ಅಂಕಿ ಇದೆ. ನಾವು 40 ತೆಗೆದುಕೊಂಡೆವು, ದಪ್ಪ 50 ಮೈಕ್ರಾನ್.

ಮೊದಲ ಫಲಿತಾಂಶ ಬಂದಾಗ ವಿದ್ಯಾರ್ಥಿನಿಯ ಮುಖ ಸಪ್ಪಗಾಗಿತ್ತು. ಲೇಪ ಇರುವ ಇಂಪ್ಲಾಂಟಿಗೂ ಇಲ್ಲದ ಇಂಪ್ಲಾಂಟಿಗೂ ಕುತ್ತಿಗೆಯ ಮೂಳೆಯ ಒತ್ತಡದಲ್ಲಿ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ. ಬಣ್ಣದ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲು ಆಗುತ್ತಿರಲಿಲ್ಲ. ಚಾಚಿದ ಕ್ಯಾಪ್ ತೆಗೆದು ಅದೇ ಬಲವನ್ನು ಎರಡು ಇಂಪ್ಲಾಂಟಿಗೆ ಹಂಚಿದ ತಕ್ಷಣ ಆ ಒತ್ತಡ ಅರ್ಧಕ್ಕಿಂತ ಕೆಳಗೆ ಬಂತು.

ವಾಷರ್ ಪ್ರಶ್ನೆಗೆ ಉತ್ತರದ ಒಂದು ಭಾಗ ಸಿಕ್ಕಿತ್ತು. ಮೆತ್ತೆ ಆಗಬೇಕಾದರೆ ವಸ್ತು ಮೂಳೆಗಿಂತ ಮೆದುವಾಗಿರಬೇಕು, ಸಾಕಷ್ಟು ದಪ್ಪವೂ ಇರಬೇಕು. ಈ ಲೇಪ ಎರಡೂ ಅಲ್ಲ. ಮೂಳೆಗಿಂತ ಬಿಗಿ, ಕೂದಲಿಗಿಂತ ತೆಳು.

ಆದರೆ ಮೇಷ್ಟ್ರು ಅಲ್ಲಿಗೆ ಬಿಡಲಿಲ್ಲ. "ನೀವು ಮಾದರಿಯಲ್ಲಿ ಮೂಳೆಯನ್ನೂ ಇಂಪ್ಲಾಂಟನ್ನೂ ಬೆಸುಗೆ ಹಾಕಿದ ಹಾಗೆ ಅಂಟಿಸಿದ್ದೀರಿ. ಮೊದಲ ದಿನ ನಿಜವಾಗಿ ಹಾಗೆ ಇರುತ್ತದೆಯೇ?" ಎಂದು ಕೇಳಿದರು. ಖಂಡಿತ ಇರುವುದಿಲ್ಲ. ಹಾಕಿದ ದಿನ ಇಂಪ್ಲಾಂಟ್ ಮರದಲ್ಲಿ ಬಿಗಿದ ಸ್ಕ್ರೂ ಇದ್ದ ಹಾಗೆ, ಬರೀ ಹಿಡಿತ. ಮೂಳೆ ಬೆಳೆದು ಲೋಹಕ್ಕೆ ಕೂಡಿಕೊಳ್ಳಲು ವಾರಗಳು ಬೇಕು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದ ಕಾಲದಿಂದಲೂ ಹೊರೆ ಹಾಕದೆ ಕಾಯುವುದು ಈ ಚಿಕಿತ್ಸೆಯ ಬೆನ್ನೆಲುಬು. ಆಗಿನ ನುಣುಪು ಇಂಪ್ಲಾಂಟಿಗೆ ಕೆಳದವಡೆಯಲ್ಲಿ 3 ತಿಂಗಳು, ಮೇಲ್ದವಡೆಯಲ್ಲಿ 6 ತಿಂಗಳು ಕಾಯುತ್ತಿದ್ದರು.

ಮಾದರಿಯಲ್ಲಿ ಅಂಟು ತೆಗೆದು, ಬರೀ ಘರ್ಷಣೆ ಇಟ್ಟು ಮತ್ತೆ ಲೆಕ್ಕ ಹಾಕಿದೆವು. ಈಗ ಚಿತ್ರ ಬದಲಾಯಿತು. ನುಣುಪು ಮೇಲ್ಮೈ ಆದರೆ ಎಳೆತದ ಕಡೆ ಮೂಳೆಯೂ ಲೋಹವೂ ಬೇರ್ಪಡುತ್ತಿದ್ದವು. ಒತ್ತುವ ಕಡೆ ಕೆಲವೇ ಮರೆಗಳ ತುದಿಗೆ ಇಡೀ ಹೊರೆ ಬೀಳುತ್ತಿತ್ತು. ಒರಟು ಮೇಲ್ಮೈ ಆದರೆ ಜಾರುವಿಕೆ ಎದ್ದು ಕಾಣುವಷ್ಟು ಕಡಿಮೆ ಆಯಿತು, ಹೊರೆ ಉದ್ದಕ್ಕೂ ಹರಡಿಕೊಂಡಿತು. ಮೂಳೆಗೂ ಲೋಹಕ್ಕೂ ನಡುವಿನ ಅಲುಗಾಟ ಒಂದು ಗಡಿ ದಾಟಿದರೆ ಅಲ್ಲಿ ಮೂಳೆ ಬೆಳೆಯದೆ ನಾರು ಬೆಳೆಯುತ್ತದೆ. ಆ ಗಡಿ 50ರಿಂದ 150 ಮೈಕ್ರಾನ್ ನಡುವೆ ಇದೆ.

ಅಂದರೆ ಮೇಲ್ಮೈ ಮೂಳೆಯ ಒತ್ತಡವನ್ನು ಬದಲಿಸುತ್ತದೆ, ಆದರೆ ಮಗ ಅಂದುಕೊಂಡ ದಾರಿಯಲ್ಲಿ ಅಲ್ಲ. ಅದು ಬಲವನ್ನು ಮೆತ್ತಗೆ ಮಾಡುವುದಿಲ್ಲ. ಮೊದಲ ವಾರಗಳಲ್ಲಿ ಮೂಳೆ ಎಷ್ಟು ಬೇಗ, ಎಷ್ಟು ಉದ್ದಕ್ಕೆ ಹಿಡಿಯುತ್ತದೆ ಎಂಬುದನ್ನು ಬದಲಿಸುತ್ತದೆ. ಉದ್ದಕ್ಕೂ ಹಿಡಿದಿದ್ದರೆ ಹೊರೆ ಉದ್ದಕ್ಕೂ ಹಂಚಿಹೋಗುತ್ತದೆ. ಹಿಡಿತ ಒಮ್ಮೆ ಪೂರ್ತಿಯಾದ ಮೇಲೆ ಬಲ ಎಷ್ಟು, ಯಾವ ಕೋನದಿಂದ, ಎಷ್ಟು ದೂರದಿಂದ ಬೀಳುತ್ತದೆ ಎಂಬುದೇ ಮುಖ್ಯ. ಹಳೆಯ ಇಂಪ್ಲಾಂಟಿನ ಕೆಳಭಾಗಕ್ಕೆ ಕಚ್ಚಿಕೊಂಡಿದ್ದ ಮೂಳೆ ಇದಕ್ಕೆ ಸಾಕ್ಷಿ ಎಂದು ನಾನು ನಂಬುತ್ತೇನೆ. ಆ ಲೇಪ ಅಲ್ಲಿ ತನ್ನ ಕೆಲಸ ಮಾಡಿತ್ತು. ಕುತ್ತಿಗೆಯಲ್ಲಿ ಅದರಿಂದ ಆಗದ ಕೆಲಸ ಹೇಳಲಾಗಿತ್ತು. ಅಲ್ಲಿ ಮೂಳೆ ಇಳಿದ ಮೇಲೆ, ಒರಟಾದ ಕರಗುವ ಪದರ ಪಾಚಿಗೆ ಒಳ್ಳೆ ನೆಲೆಯಾಗಿ ಹಾನಿಯನ್ನು ಇನ್ನಷ್ಟು ಬೇಗ ಕೆಳಗೆ ಒಯ್ದಿತು.

ಏನು ಆರಿಸಿದೆವು

ದಪ್ಪ ಲೇಪದ ಇಂಪ್ಲಾಂಟ್ ಬೇಡ ಎಂದು ತೀರ್ಮಾನಿಸಿದೆ. ಯಜಮಾನರ ಮೊದಲ ದವಡೆ ಹಲ್ಲಿನ ಜಾಗದ ಮೂಳೆ ತುಂಬ ಗಟ್ಟಿ. ಅಂಥ ಮೂಳೆಗೆ ಬಿಗಿಯಾಗಿ ತಿರುಗಿಸಿ ಕೂರಿಸುವಾಗಲೇ ಲೇಪ ಉಜ್ಜಿ ಹೋಗಬಹುದು. ಬದಲಿಗೆ ಮರಳಿನಂಥ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು, ಆಮೇಲೆ ಆಸಿಡ್‌ನಲ್ಲಿ ಅದ್ದಿ ಒರಟು ಮಾಡಿದ ಟೈಟಾನಿಯಂ ಆರಿಸಿದೆ. ಇದನ್ನೂ ಜನ ಕೋಟಿಂಗ್ ಎಂದೇ ಕರೆಯುತ್ತಾರೆ, ಆದರೆ ಇದು ಲೇಪ ಅಲ್ಲ. ಒರಳು ಕಲ್ಲು ನುಣುಪಾದಾಗ ಉಳಿಯಿಂದ ಹೊಡೆಸಿ ಒರಟು ಮಾಡಿಸುತ್ತಾರಲ್ಲ, ಹಾಗೆ. ಮೇಲೆ ಬಳಿದದ್ದು ಏನೂ ಇಲ್ಲ, ಹಾಗಾಗಿ ಕಿತ್ತು ಬರುವುದಕ್ಕೂ ಏನೂ ಇಲ್ಲ. ಮೂಳೆ ಚೆನ್ನಾಗಿದ್ದರೆ ಇಂಥ ಮೇಲ್ಮೈಗೆ 6 ವಾರಕ್ಕೇ ಹೊರೆ ಹಾಕಬಹುದು ಎಂಬ ಅನುಭವ ಈಗ ಬಹಳ ಕಡೆ ಇದೆ.

"ಹಾಗಾದ್ರೆ ಮೂಳೆಯಂಥ ವಸ್ತುವೇ ಇದ್ರೆ ಒಳ್ಳೇದು ಅನ್ನೋದು ಸುಳ್ಳಾ?" ಎಂದು ಮಗ ಕೇಳಿದ. ಸುಳ್ಳಲ್ಲ. ಮೂಳೆ ತೀರಾ ಮೆದುವಾಗಿದ್ದಾಗ ಬೇಗ ಅಂಟುವ ಗುಣಕ್ಕೆ ಬೆಲೆ ಇದೆ. ಇವರ ತೊಂದರೆ ಅಂಟದೇ ಇದ್ದದ್ದಲ್ಲ.

ಸ್ಕ್ಯಾನಿನಲ್ಲಿ ಮೂಳೆಯ ಎತ್ತರ ನರದ ಕಾಲುವೆಯವರೆಗೆ 12.5 ಮಿಲಿಮೀಟರ್ ಇತ್ತು. ನರದಿಂದ 2 ಮಿಲಿಮೀಟರ್ ದೂರ ಬಿಡಲೇಬೇಕು. ಹಾಗಾಗಿ ಎರಡು ಹಲ್ಲಿನ ಜಾಗಕ್ಕೆ 10 ಮಿಲಿಮೀಟರಿನ ಎರಡು ಇಂಪ್ಲಾಂಟ್. ಮುಂದಿನದು 40 ನ್ಯೂಟನ್ ಸೆಂಟಿಮೀಟರ್ ಬಿಗಿತದಲ್ಲಿ ಕೂತಿತು. ಹಿಂದಿನದು 25ರಲ್ಲೇ ನಿಂತಿತು. ಅಲ್ಲಿ ಮೂಳೆ ನಾನು ಅಂದುಕೊಂಡದ್ದಕ್ಕಿಂತ ಮೆದುವಾಗಿತ್ತು.

ಸ್ಥಿರತೆಯನ್ನು ಕಂಪನದಿಂದ ಅಳೆಯುವ ಉಪಕರಣ ಇದೆ. ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ, ಅದು ಇಂಪ್ಲಾಂಟನ್ನು ಕಂಪಿಸಿ 1ರಿಂದ 100ರೊಳಗೆ ಒಂದು ಅಂಕಿ ಕೊಡುತ್ತದೆ. 70ರ ಮೇಲಿದ್ದರೆ ಧೈರ್ಯ, 60ರ ಕೆಳಗಿದ್ದರೆ ಎಚ್ಚರ. ಮುಂದಿನದಕ್ಕೆ 72, ಹಿಂದಿನದಕ್ಕೆ 61 ಬಂತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಎರಡಕ್ಕೂ ವಸಡಿನಿಂದ ಮೇಲೆ ಕಾಣುವ ಹೀಲಿಂಗ್ ಕ್ಯಾಪ್ (ಗಾಯ ಮಾಯುವವರೆಗಿನ ತಾತ್ಕಾಲಿಕ ಮುಚ್ಚಳ) ಹಾಕಿದೆ. ಹಿಂದಿನದನ್ನು ವಸಡಿನೊಳಗೆ ಮುಚ್ಚಿ ಹೊಲಿಗೆ ಹಾಕಬೇಕಿತ್ತು. ಮತ್ತೊಂದು ಸಲ ವಸಡು ಕತ್ತರಿಸುವ ನೋವು ತಪ್ಪಲಿ ಎಂಬ ಆಸೆ ಇತ್ತು. ನಮ್ಮ ಮಾದರಿ ಮುಂದಿನ ಹಲ್ಲಿನ ಜಾಗದ ಗಟ್ಟಿ ಮೂಳೆಯದ್ದು. ಹಿಂದಿನ ಜಾಗದ ಮೆದು ಮೂಳೆಗೆ ನಾವು ಲೆಕ್ಕವನ್ನೇ ಹಾಕಿರಲಿಲ್ಲ. ಆದರೂ ಆ ಬಣ್ಣದ ಚಿತ್ರಗಳು ಕೊಟ್ಟ ಭರವಸೆಯನ್ನು ನಾನು ಎರಡಕ್ಕೂ ಹೊದಿಸಿಬಿಟ್ಟಿದ್ದೆ.

ನಾಲ್ಕನೇ ವಾರ

ನಾಲ್ಕನೇ ವಾರ ಅಳತೆ ನೋಡಿದಾಗ ಮುಂದಿನದು 68ಕ್ಕೆ ಇಳಿದಿತ್ತು. ಅದು ನಿರೀಕ್ಷೆಯದ್ದೇ. ಹಾಕಿದ ದಿನದ ಸ್ಕ್ರೂ ಹಿಡಿತ ಮೂಳೆ ಮರುಕಟ್ಟಿಕೊಳ್ಳುವಾಗ ಸಡಿಲ ಆಗುತ್ತದೆ, ಹೊಸ ಮೂಳೆಯ ಹಿಡಿತ ಇನ್ನೂ ಬಂದಿರುವುದಿಲ್ಲ. ಮೂರು ನಾಲ್ಕನೇ ವಾರದ ಈ ತಗ್ಗನ್ನು ಒರಟು ಮೇಲ್ಮೈ ಚಿಕ್ಕದು ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ಹಿಂದಿನದು 52ಕ್ಕೆ ಬಂದಿತ್ತು.

"ಆ ಕಡೆ ಏನಾದರೂ ಜಗಿದಿರಾ ಯಜಮಾನರೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಊಟ ಎಡಗಡೆನೇ ಡಾಕ್ಟ್ರೇ. ಎಲೆ ಅಡಿಕೆ ಮಾತ್ರ ಅಭ್ಯಾಸ ಬಲದಿಂದ ಆ ಕಡೆ ಹೋಗ್ತಿತ್ತು" ಅಂದರು. ಗಟ್ಟಿ ಅಡಿಕೆ ಹೋಳು ಎತ್ತರದ ಹೀಲಿಂಗ್ ಕ್ಯಾಪಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ನಾಲಿಗೆಯೂ ದಿನವಿಡೀ ಅದನ್ನು ತಳ್ಳುತ್ತಿತ್ತು.

ಅವರ ಮೇಲೆ ತಪ್ಪು ಹೊರಿಸುವುದು ಸರಿ ಅಲ್ಲ ಅನಿಸಿತು. 40 ವರ್ಷದ ಅಭ್ಯಾಸ ಅದು. ಅದು ಮುಟ್ಟದ ಹಾಗೆ ಮಾಡಬೇಕಾದದ್ದು ನನ್ನ ಕೆಲಸ ಆಗಿತ್ತು. ಅವತ್ತೇ ಎತ್ತರದ ಕ್ಯಾಪ್ ತೆಗೆದು, ಚಪ್ಪಟೆ ಮುಚ್ಚಳದ ಸ್ಕ್ರೂ ಹಾಕಿ, ವಸಡು ಮುಚ್ಚಿ ಹೊಲಿದೆ. ಇನ್ನೂ 3 ತಿಂಗಳು ಕಾಯಬೇಕು ಎಂದೆ.

ಮಗಳ ಮದುವೆ ಎರಡು ತಿಂಗಳಿಗಿತ್ತು. ಅಷ್ಟರೊಳಗೆ ಹಲ್ಲು ಬೇಕೆಂದು ಅವರ ಆಸೆ. ಮುಂದಿನ ಇಂಪ್ಲಾಂಟ್ ಚೆನ್ನಾಗಿತ್ತು. ಅದರ ಮೇಲೆ ಎರಡೂ ಹಲ್ಲಿಗೆ ಒಂದು ತಾತ್ಕಾಲಿಕ ಕ್ಯಾಪ್ ಚಾಚಿ ಕೂರಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಳೆಯ ಇಂಪ್ಲಾಂಟನ್ನು ಕೆಡಿಸಿದ್ದು ಅದೇ ಬಾಲ್ಕನಿ. ಆಗುವುದಿಲ್ಲ ಎಂದೆ. ಅವರಿಗೆ ಬೇಸರ ಆಯಿತು. ಹೊರಟು ನಿಂತವರು ಬಾಗಿಲಲ್ಲಿ ತಿರುಗಿ, "ಆ ಗೂಟದ ಕಥೆ ಹೇಳಿದ್ರಲ್ಲ, ಅದಕ್ಕೇ ಒಪ್ತಾ ಇದೀನಿ" ಅಂದರು. ಮದುವೆಯ ಫೋಟೋಗಳಲ್ಲಿ ಬಲಗಡೆ ಖಾಲಿಯೇ ಇತ್ತು. ದವಡೆಯ ಹಿಂಭಾಗ ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

3 ತಿಂಗಳ ನಂತರ ಮುಂದಿನದು 76, ಹಿಂದಿನದು 66. ಆ 66 ನೋಡಿ ನನ್ನ ವಿದ್ಯಾರ್ಥಿನಿ ಕಣ್ಣು ಒರೆಸಿಕೊಂಡಳು. ಮೇಲ್ಮೈ ತನ್ನ ಕೆಲಸ ಮಾಡಲು ಬೇಕಾಗಿದ್ದದ್ದು ಅಲುಗಾಟ ಇಲ್ಲದ ಸಮಯ. ಅದನ್ನು ಕೊಟ್ಟ ಮೇಲೆ ಅದು ಕೆಲಸ ಮಾಡಿತು.

ಕ್ಯಾಪ್ ಕೂರಿಸಿದ ಬಗೆ

ಎರಡು ಕ್ಯಾಪ್‌ಗಳನ್ನು ಬೇರೆ ಬೇರೆ ಮಾಡಬೇಕೇ, ಸೇರಿಸಬೇಕೇ ಎಂದು ತುಂಬ ಯೋಚಿಸಿದೆ. ಬೇರೆ ಇದ್ದರೆ ಶುಚಿ ಮಾಡುವುದು ಸುಲಭ. ಸೇರಿಸಿದರೆ ಹೊರೆ ಹಂಚಿಕೆ ಆಗುತ್ತದೆ. ಹಿಂದಿನದು ದುರ್ಬಲ ಆದ್ದರಿಂದ ಸೇರಿಸಿದೆ. ನಡುವೆ ಚಿಕ್ಕ ಬ್ರಷ್ ಹೋಗುವಷ್ಟು ಜಾಗ ಬಿಡಿಸಿ, ಬ್ರಷ್ ಮಾಡುವುದನ್ನು ಯಜಮಾನರ ಹೆಂಡತಿಗೂ ತೋರಿಸಿಕೊಟ್ಟೆ. ಸಿಮೆಂಟ್ ಬಳಸದೆ ಸ್ಕ್ರೂನಿಂದಲೇ ಬಿಗಿದೆ. ವಸಡಿನೊಳಗೆ ಉಳಿದ ಒಂದು ಚೂರು ಸಿಮೆಂಟ್ ಸಾಕು, ಮೂಳೆ ಇಳಿಯಲು.

ಮೊದಲ 3 ತಿಂಗಳು ಅಕ್ರಿಲಿಕ್ಕಿನ ತಾತ್ಕಾಲಿಕ ಹಲ್ಲು. ಹೊರೆ ಸ್ವಲ್ಪ ಸ್ವಲ್ಪ ಏರಿದರೆ ಮೂಳೆ ಅದಕ್ಕೆ ಹೊಂದಿಕೊಂಡು ಗಟ್ಟಿಯಾಗುತ್ತದೆ. ಶಾಶ್ವತ ಕ್ಯಾಪ್‌ನ ಮೇಲ್ಮೈಯನ್ನು ಸಹಜ ಹಲ್ಲಿಗಿಂತ ಕಿರಿದು ಮಾಡಿಸಿದೆ, ಉಬ್ಬುಗಳನ್ನು ತಗ್ಗಿಸಿದೆ. ಉಬ್ಬು ಎತ್ತರ ಇದ್ದಷ್ಟೂ ಬಲ ಓರೆಯಾಗಿ ಬೀಳುತ್ತದೆ. ಮೆಲ್ಲಗೆ ಕಚ್ಚಿದಾಗ ಕ್ಯಾಪ್ ಮೇಲಿನ ಹಲ್ಲಿಗೆ ತಾಗಬಾರದು, ಜೋರಾಗಿ ಕಚ್ಚಿದಾಗ ಮಾತ್ರ ತಾಗಬೇಕು. ಪಕ್ಕದ ಸಹಜ ಹಲ್ಲುಗಳು ತಮ್ಮ ನಾರಿನ ಮೆತ್ತೆಯಲ್ಲಿ ಕೂತ ಮೇಲೆ ಇಂಪ್ಲಾಂಟಿನ ಸರದಿ. ಇಷ್ಟಕ್ಕೆ ಅರ್ಧ ದಿನ ಹಿಡಿಯಿತು. ಇಡೀ ಚಿಕಿತ್ಸೆಯಲ್ಲಿ ಮೂಳೆಯ ಒತ್ತಡಕ್ಕೆ ಅತಿ ಹೆಚ್ಚು ಪ್ರಯೋಜನ ಆದದ್ದು ಆ ಅರ್ಧ ದಿನ ಎಂಬುದು ನನ್ನ ಅಭಿಪ್ರಾಯ. ಇಂಪ್ಲಾಂಟಿನ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ರೋಗಿಗಳು ಕೇಳುತ್ತಾರೆ. ಕ್ಯಾಪ್ ಹೇಗೆ ತಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು.

ರಾತ್ರಿ ಹಾಕಿಕೊಳ್ಳಲು ಗಟ್ಟಿ ಅಕ್ರಿಲಿಕ್ಕಿನ ಗಾರ್ಡ್ ಕೊಟ್ಟೆ.

ಎರಡು ವರ್ಷದ ಹೊತ್ತಿಗೆ

ಒಂದು ವರ್ಷದ ಎಕ್ಸ್‌ರೇಯಲ್ಲಿ ಮುಂದಿನ ಇಂಪ್ಲಾಂಟಿನ ಸುತ್ತ ಮೂಳೆ 0.5 ಮಿಲಿಮೀಟರ್, ಹಿಂದಿನದಕ್ಕೆ 0.8 ಮಿಲಿಮೀಟರ್ ಇಳಿದಿತ್ತು. ಎರಡನೇ ವರ್ಷದ ಕೊನೆಗೆ ಒಟ್ಟು 0.6 ಮತ್ತು 0.9. ಸ್ಕ್ರೂ ಒಮ್ಮೆಯೂ ಸಡಿಲ ಆಗಿಲ್ಲ. ಈಗ ಯಾರಾದರೂ ರೋಗಿ "ಸ್ಕ್ರೂ ಲೂಸ್ ಆಗಿದೆ" ಅಂತ ಬಂದರೆ ನಾನು ಬರೀ ಬಿಗಿ ಮಾಡಿ ಕಳಿಸುವುದಿಲ್ಲ. ಎಲ್ಲಿ ಬಲ ಬೀಳುತ್ತಿದೆ ಎಂದು ಹುಡುಕುತ್ತೇನೆ. ಮೂಳೆ ಇಳಿಯುವ ಮೊದಲು ಸ್ಕ್ರೂ ಹೇಳುತ್ತದೆ.

ವಿದ್ಯಾರ್ಥಿನಿ ತನ್ನ ಪ್ರಬಂಧದಲ್ಲಿ ಮೆದು ಮೂಳೆಯ ಮಾದರಿಯನ್ನೂ ಸೇರಿಸಿದಳು. ಅದರಲ್ಲಿ ಎತ್ತರದ ಕ್ಯಾಪಿನ ಮೇಲೆ ಓರೆ ಬಲ ಹಾಕಿದಾಗ ಒರಟು ಮೇಲ್ಮೈ ಇದ್ದರೂ ಜಾರುವಿಕೆ ಜಾಸ್ತಿಯೇ ಬಂತು. ಮೊದಲೇ ಮಾಡಿದ್ದರೆ ಆ ನಾಲ್ಕನೇ ವಾರ ಬೇರೆ ಥರ ಇರುತ್ತಿತ್ತು.

ಯಜಮಾನರು ಎಲೆ ಅಡಿಕೆಯನ್ನು ದಿನಕ್ಕೆ ಎರಡಕ್ಕೆ ಇಳಿಸಿದ್ದಾರೆ. ಪೂರ್ತಿ ಬಿಡಿ ಎಂದು ಪ್ರತಿ ಸಲ ಹೇಳುತ್ತೇನೆ. ಹೋದ ತಿಂಗಳು ಬಂದಾಗ ಹಿಂದಿನ ಕ್ಯಾಪ್ ಮೇಲೆ ಉಗುರಿನಷ್ಟು ಹೊಳೆಯುವ ಸವೆತ ಕಂಡಿತು. ರಾತ್ರಿಯ ಗಾರ್ಡ್ ಎಲ್ಲಿ ಎಂದರೆ, ಮಗನ ಮನೆಗೆ ಹೋದಾಗ ಬೆಂಗಳೂರಿನಲ್ಲೇ ಬಿಟ್ಟು ಬಂದು ಮೂರು ತಿಂಗಳಾಗಿತ್ತು. ಸವೆದ ಜಾಗವನ್ನು ಸರಿ ಮಾಡಿ ಪಾಲಿಶ್ ಕೊಟ್ಟೆ. ಹೊಸ ಗಾರ್ಡಿಗೆ ಅಳತೆ ತೆಗೆದುಕೊಂಡೆ, ಊರಿಗೊಂದು ಬೆಂಗಳೂರಿಗೊಂದು ಅಂತ ಎರಡು ಮಾಡಿಸಲು ಹೇಳಿದ್ದೇನೆ.